ಶತ್ರುವನ್ನು ಹೊತ್ತು ತಂದವನ ಪದಕ

ಯುದ್ಧದಲ್ಲಿ ಪದಕ ಕೊಡುವವರು ಏನು ಮಾಡಿದೆ ಎಂದು ಕೇಳುತ್ತಾರೆ, ಯಾಕೆ ಮಾಡಿದೆ ಎಂದು ಕೇಳುವುದಿಲ್ಲ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಪ್ರತಿ ನವೆಂಬರಿನಲ್ಲಿ ನಮ್ಮ ಒರ್ತೂಲೆಯ ಚೌಕದಲ್ಲಿ, ಹುತಾತ್ಮರ ಕಂಬದ ಮುಂದೆ, ಟೊಪ್ಪಿ ಕೈಯಲ್ಲಿ ಹಿಡಿದು ನಿಲ್ಲುತ್ತೀರಿ. ಗೊನಾರಿಯೊ ಲಾದುವಿಗೆ ಬೆಳ್ಳಿ ಪದಕ ಯಾಕೆ ಬಂತೆಂದು ಮೈಕಿನಲ್ಲಿ ಓದುವುದನ್ನು ಕೇಳಿ ಕೇಳಿ ನಿಮಗದು ಬಾಯಿಪಾಠವಾಗಿದೆ: "ಆಸ್ಟ್ರಿಯಾದವರ ಗುಂಡಿನ ಮಳೆಯಲ್ಲಿ, ಗಾಯಗೊಂಡ ತನ್ನೂರ ಗೆಳೆಯನನ್ನು ಸಹೋದರ ಪ್ರೇಮದಿಂದ ಹೊತ್ತು ತಂದದ್ದಕ್ಕಾಗಿ."

ಗುಂಡು ನಿಜ. ಗಾಯ ನಿಜ. ಹೊತ್ತು ತಂದದ್ದೂ ನಿಜ. ಸಹೋದರ ಪ್ರೇಮ ಮಾತ್ರ ಟುರಿನ್ ಕಡೆಯ ಒಬ್ಬ ಕ್ಯಾಪ್ಟನ್ ತನ್ನ ಡೇರೆಯಲ್ಲಿ ಕೂತು ಹುಟ್ಟಿಸಿದ್ದು. ಗೊನಾರಿಯೊ ಆವತ್ತು ಪ್ರೇದು ಸೆದ್ದಾನನ್ನು ಹೊತ್ತು ತಂದದ್ದು ಊರಿಗೆ ಕರಕೊಂಡು ಬಂದು ತನ್ನ ಕೈಯಾರೆ ಕೊಲ್ಲುವುದಕ್ಕೆ.

ಇದನ್ನು ನನಗೆ ಅವನೇ ಹೇಳಿದ. ಊರಿಗೆಲ್ಲ ಅವನು ಗೊನಾರಿಯೊ ಮಾವ. ಎಪ್ಪತ್ತು ಹತ್ತಿರವಾದರೂ ದಿನಾ ಹಟ್ಟಿಗೆ ಹೋಗುತ್ತಾನೆ, ಕುರಿ ಹಾಲು ಕರೆಯುತ್ತಾನೆ, ತಾಮ್ರದ ಹಂಡೆಯಲ್ಲಿ ಕಾಯಿಸಿ ಚೀಸ್ ಮಾಡುತ್ತಾನೆ. ಹಂಡೆಯಲ್ಲಿ ಕೈ ಆಡಿಸುತ್ತಲೇ ಹೇಳಿದ. ಅವನ ಮಾತಿಗೆ ನಾನು ಸೇರಿಸಿದ್ದು ನನ್ನ ಸಿಟ್ಟನ್ನು ಮಾತ್ರ.

ಸಾವಿರದ ಒಂಬೈನೂರ ಹದಿನಾಲ್ಕನೇ ಇಸವಿಯ ವಸಂತ. ಗೊನಾರಿಯೊನ ತಮ್ಮ ಬಕೀಸಿಯೊ ಕುರಿ ಬಿಟ್ಟುಕೊಂಡು ಹೋದವನು ಮರಳಲಿಲ್ಲ. ಮೇಲಿನ ಒರತೆಯ ಹತ್ತಿರ, ಕಲ್ಲುಗೋಡೆಯ ಬುಡದಲ್ಲಿ ಹೆಣ ಸಿಕ್ಕಿತು. ಬೆನ್ನಿಗೆ ಗುಂಡು. ಹಿಂಡು ಇಲ್ಲ. ಆ ಒರತೆ ತಲೆತಲಾಂತರದಿಂದ ಊರಿನದು. ಆ ಗೋಡೆ ಮಾತ್ರ ದೋನ್ ಪ್ರಿಯಾಮೊದು. ಅರ್ಧ ಒರ್ತೂಲೆಯ ಧಣಿಯಾಗಿದ್ದ ದೋನ್ ಪ್ರಿಯಾಮೊ ಹಿಂದಿನ ವರ್ಷವಷ್ಟೇ ಅದನ್ನು ಕಟ್ಟಿಸಿ ನೀರನ್ನು ತನ್ನ ಹೊಲದೊಳಗೆ ಹಾಕಿಕೊಂಡಿದ್ದ. ಹುಡುಗನ ಶವಯಾತ್ರೆಗೆ ಧಣಿಯೇ ಬಂದ, ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟ. ಎಂಥ ದೊಡ್ಡ ಮನುಷ್ಯ ಎಂದು ಜನ ಕಣ್ಣೊರೆಸಿಕೊಂಡರು. ನಿಮ್ಮ ಅಜ್ಜಂದಿರೇ ಒರೆಸಿಕೊಂಡದ್ದು.

ಕೊಂದವನು ಯಾರೆಂಬುದು ಕುರಿಯ ಕಿವಿಯಲ್ಲಿ ಸಿಕ್ಕಿತು. ಬಕೀಸಿಯೊ ತನ್ನ ಕುರಿಗಳ ಬಲಗಿವಿಗೆ ಒಂದು ಸೀಳು ಹಾಕಿ, ಎಡಗಿವಿಯ ತುದಿಯನ್ನು ಕತ್ತರಿಸುತ್ತಿದ್ದ. ಗುಡ್ಡದಾಚೆ ಪ್ರೇದು ಸೆದ್ದಾನ ಹಟ್ಟಿಯಲ್ಲಿ ಗೊನಾರಿಯೊ ಆ ಹಿಂಡನ್ನು ಕಂಡ. ಸೀಳನ್ನೂ ತುದಿಯನ್ನೂ ಇನ್ನಷ್ಟು ಕೊಯ್ದು ಸೆದ್ದಾ ಮನೆತನದ ಗುರುತು ಮಾಡಲಾಗಿತ್ತು. ಕೊಯ್ದ ಜಾಗ ಇನ್ನೂ ಹಸಿಯಾಗಿತ್ತು. ನಮ್ಮ ಕಡೆ ಕುರುಬನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕುರಿ ಯಾರ ಹಟ್ಟಿಯಲ್ಲೋ ರಕ್ತ ಅವನ ಕೈಯಲ್ಲಿ. ಗೊನಾರಿಯೊ ಹಾಗೇ ಓದಿಕೊಂಡ. ನಾನೂ ಹಾಗೇ ಓದುತ್ತಿದ್ದೆ, ನೀವೂ ಹಾಗೇ ಓದುತ್ತಿದ್ದಿರಿ.

ಅವನ ತಾಯಿ ಗ್ರಾಸಿಯಾ ಊರ ಸಾವಿನ ಮನೆಗಳಲ್ಲೆಲ್ಲ ಶೋಕದ ಪದ ಹಾಡುವ ಹೆಂಗಸು. ಸತ್ತವರ ಸದ್ಗುಣ ಹೇಳಿ, ಕೊಂದವರ ಹೆಸರು ಹಿಡಿದು ಶಪಿಸಿ, ಕೂತ ಗಂಡಸರ ಕೈ ಸೊಂಟದ ಚಾಕುವಿಗೆ ಹೋಗುವಂತೆ ಹಾಡುತ್ತಿದ್ದಳು. ಸ್ವಂತ ಮಗನ ಹೆಣದ ಮುಂದೆ ತುಟಿ ಬಿಗಿದು ಕೂತಳು.

"ಹಾಡವ್ವಾ. ಊರೆಲ್ಲ ಕಾಯ್ತಿದೆ" ಎಂದ ಗೊನಾರಿಯೊ.

"ಊರಿಗೇನು, ಬಂದು ಅಳುತ್ತೆ, ರೊಟ್ಟಿ ತಿಂದು ಹೋಗುತ್ತೆ. ಕೊಂದವನ ಹೆಣದ ಸುದ್ದಿ ತಾ. ಆಗ ಹಾಡ್ತೀನಿ."

ಪ್ರೇದು ಕಾಡು ಸೇರಿದ. ಗೊನಾರಿಯೊ ಒಂದು ವರ್ಷ ಅವನ ಹಿಂದೆ ಪೊದೆ ಪೊದೆ ಅಲೆದ. ಅಷ್ಟರಲ್ಲಿ ರಾಜನಿಗೆ ಯುದ್ಧ ಬೇಕಾಯಿತು. ಆಸ್ಟ್ರಿಯಾ ಎಂದರೆ ತಿನ್ನುವುದೋ ಉಡುವುದೋ ಗೊತ್ತಿಲ್ಲದ ಸಾರ್ಡಿನಿಯಾದ ಕುರುಬರನ್ನು ಹಡಗಿಗೆ ತುಂಬಿದರು. ಕಾಡಿನಲ್ಲಿ ಅಡಗಿದ್ದವರು ಸೈನ್ಯಕ್ಕೆ ಸೇರಿದರೆ ಹಳೆಯ ತಪ್ಪು ಕೇಳುವುದಿಲ್ಲ ಎಂದು ಡಂಗುರ ಬಂತು. ಗೊನಾರಿಯೊನ ಚಾಕುವಿಗಿಂತ ಆಸ್ಟ್ರಿಯಾದ ತೋಪು ವಾಸಿ ಎಂದುಕೊಂಡು ಪ್ರೇದು ಇಳಿದು ಬಂದ.

"ಬ್ಯಾರಕಿನಲ್ಲಿ ಸಾಲಾಗಿ ನಿಲ್ಸಿದ್ರು. ತಿರುಗಿ ನೋಡ್ತೀನಿ, ಪಕ್ಕದಲ್ಲೇ ಇವನು! ನನಗೆ ನಗು ಬಂತು. ಅವನಿಗೆ ಬೆವರು ಬಂತು" ಎಂದ ಗೊನಾರಿಯೊ ಮಾವ.

ಒಂದೇ ಕಂಪನಿ, ಒಂದೇ ಕಂದಕ, ಒಂದೇ ಡಬ್ಬಿಯ ಊಟ. ಕೈಯಲ್ಲಿ ಬಂದೂಕು, ಎದುರಿಗೆ ದಿನಾ ಸಾಯುವ ಜನ. ಒಂದು ಗುಂಡು ಹೆಚ್ಚು ಹಾರಿದರೆ ಕೇಳುವವರಿಲ್ಲ.

"ಅಲ್ಲೇ ಮುಗಿಸ್ಬೋದಿತ್ತಲ್ಲ ಮಾವ?" ಎಂದೆ.

ಅವನು ಹಂಡೆಯಿಂದ ಕೈ ತೆಗೆದು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. "ಪೇಪರಿಗೆ ಬರೆಯೋನು ನೀನು, ಇಷ್ಟೂ ಗೊತ್ತಾಗಲ್ವಾ? ಕಂದಕದಲ್ಲಿ ಹೊಡೆದ್ರೆ ಆ ಹೆಣ ಯಾರ ಪಾಲಿಗೆ ಹೋಗುತ್ತೆ? ಆಸ್ಟ್ರಿಯಾದವರ ಪಾಲಿಗೆ. ಪಾದ್ರಿ ಬಂದು ವೀರಮರಣ ಅಂತಾನೆ. ನನ್ನ ತಮ್ಮನ್ನ ಬೆನ್ನಿಗೆ ಹೊಡೆದವನಿಗೆ ವೀರಮರಣಾನ ನಾನೇ ದಾನ ಮಾಡ್ಲಾ? ಅವನು ನಮ್ಮೂರ ಮಣ್ಣಲ್ಲಿ ಸಾಯ್ಬೇಕಿತ್ತು ಕಣಯ್ಯ. ಯಾಕೆ ಸಾಯ್ತಿದೀನಿ ಅಂತ ಅವನಿಗೆ ಗೊತ್ತಿರ್ಬೇಕಿತ್ತು. ಯಾರು ಕೊಂದ್ರು ಅಂತ ಊರಿಗೆ ಗೊತ್ತಿರ್ಬೇಕಿತ್ತು. ಆಗ ಅದು ಸೇಡು. ಇಲ್ದಿದ್ರೆ ಕಟುಕನ ಕೆಲಸ."

ಹಾಗಾಗಿ ಗೊನಾರಿಯೊ ತನ್ನ ಶತ್ರುವನ್ನು ಕಾಯತೊಡಗಿದ. ಹಬ್ಬಕ್ಕೆ ಕೊಯ್ಯುವ ಟಗರನ್ನು ತೋಳದಿಂದ ಕಾಯುವ ಹಾಗೆ. ನಮ್ಮವರ ಕಂದಕವಿದ್ದ, ಆಸ್ಟ್ರಿಯಾ ಗಡಿಯ ಕಾರ್ಸೊ ಪ್ರಸ್ಥಭೂಮಿಯಲ್ಲಿ ಮಣ್ಣು ಕಡಿಮೆ, ಕಲ್ಲೇ ಹೆಚ್ಚು. ಶೆಲ್ ಬಿದ್ದರೆ ಒಡೆದ ಕಲ್ಲೂ ಗುಂಡಿನಂತೆ ಹಾರುತ್ತದೆ. ಪ್ರೇದು ತಲೆಯೆತ್ತಿದರೆ ಗೊನಾರಿಯೊ ಅವನ ಕುತ್ತಿಗೆ ಹಿಡಿದು ಕೆಳಗೆ ಒತ್ತುತ್ತಿದ್ದ.

"ತಗ್ಗಿಸೋ ತಲೆ! ಅದು ನನ್ನ ಸ್ವತ್ತು."

"ಎಷ್ಟು ಪ್ರೀತಿ ಅಪ್ಪಾ ನಿನಗೆ" ಎನ್ನುತ್ತಿದ್ದ ಪ್ರೇದು. "ನಮ್ಮವ್ವನೂ ಹೀಗೆ ನೋಡಿಕೊಂಡಿಲ್ಲ."

"ನಿಮ್ಮವ್ವ ನೋಡಿಕೊಂಡಿದ್ರೆ ನೀನು ಕಳ್ಳ ಆಗ್ತಿದ್ಯಾ?"

ಅವರ ಭಾಷೆ ತಿಳಿಯದ ಕ್ಯಾಪ್ಟನ್ ದೂರದಿಂದ ನೋಡಿ ತಲೆದೂಗಿದ. ಒಂದೇ ಊರಿನ ಗೆಳೆಯರು, ಬಿಟ್ಟಿರಲಾರರು ಎಂದು ಆಗಲೇ ಅವನ ಮನಸ್ಸಿನಲ್ಲಿ ಕೂತಿತು.

ನವೆಂಬರಿನ ಒಂದು ಬೆಳಿಗ್ಗೆ ದಟ್ಟ ಮಂಜು. ಆಸ್ಟ್ರಿಯಾದವರ ಮುಳ್ಳುತಂತಿ ಕತ್ತರಿಸಿ ದಾರಿ ಮಾಡಲು ಕ್ಯಾಪ್ಟನ್ ಪ್ರೇದುವನ್ನೂ ಇನ್ನಿಬ್ಬರನ್ನೂ ಕಳಿಸಿದ. ಆ ಇಬ್ಬರು ಅಲ್ಲೇ ಸತ್ತರು. ಪ್ರೇದುವಿನ ತೊಡೆಗೆ ಗುಂಡು ಬಿದ್ದು ಅವನು ತಂತಿಯ ಮೇಲೇ ಬಿದ್ದ. ಆ ತಂತಿಗೆ ಆಸ್ಟ್ರಿಯಾದವರು ಖಾಲಿ ಡಬ್ಬಿಗಳನ್ನು ಸಾಲಾಗಿ ಕಟ್ಟಿದ್ದರು. ಅವನು ನೋವಿಗೆ ಹೊರಳಿದರೆ ಡಬ್ಬಿ ಗಣಗಣ ಎನ್ನುತ್ತಿತ್ತು. ಸದ್ದು ಬಂದ ಕಡೆಗೆ ಮಂಜಿನೊಳಗಿಂದಲೇ ಮೆಷಿನ್ ಗನ್ನಿನ ಗುಂಡು ಹಾರುತ್ತಿತ್ತು.

ಯಾರೂ ಹೋಗಕೂಡದು ಎಂದು ಕ್ಯಾಪ್ಟನ್ ಅಪ್ಪಣೆ ಕೊಟ್ಟ. "ಮಂಜು ಹರಿಯೋವರೆಗೆ ಅವನ ಆಯುಸ್ಸು" ಎಂದ ಸಾರ್ಜೆಂಟ್.

ಗೊನಾರಿಯೊ ಬಂದೂಕು ಕೆಳಗಿಟ್ಟು ಕಂದಕ ಹತ್ತಿದ.

"ನನ್ನ ಹೊಟ್ಟೆ ಉರೀತಿತ್ತು ಕಣಯ್ಯ. ವರ್ಷಗಟ್ಟಲೆ ಕಾದಿಟ್ಟ ಹಬ್ಬದ ಟಗರನ್ನ ಯಾವನೋ ದಾರಿಹೋಕ ಕೊಯ್ದು ತಿಂದ್ರೆ ನಿನಗೆ ಹೇಗಾಗುತ್ತೆ? ಅವ್ವನಿಗೆ ಏನಂತ ಹೇಳ್ಲಿ? ಆಸ್ಟ್ರಿಯಾದವರು ಕೊಂದ್ರು, ಈಗ ಹಾಡು ಅನ್ಲಾ?"

ಹೊಟ್ಟೆಯ ಮೇಲೆ ತೆವಳಿ ತಂತಿ ಮುಟ್ಟಿದ. ಇನ್ನು ಅವನನ್ನು ಬಿಡಿಸಬೇಕು. ಬಿಡಿಸಿದರೆ ಡಬ್ಬಿ ಸದ್ದು ಮಾಡುತ್ತದೆ. ಇಲ್ಲಿ ಅವನ ಕೈಗೆ ಬಂದದ್ದು ಸೈನ್ಯ ಕಲಿಸಿದ ವಿದ್ಯೆ ಅಲ್ಲ. ಕುರಿ ಕದಿಯುವವನು ಮೊದಲು ಕುರಿಯ ಕೊರಳ ಗಂಟೆಗೆ ಹುಲ್ಲು ತುರುಕುತ್ತಾನೆ. ನಾಲಿಗೆ ಕಟ್ಟಿದ ಗಂಟೆ ನಾಯಿಯನ್ನೂ ಎಬ್ಬಿಸುವುದಿಲ್ಲ.

"ನೀನೂ ಕುರಿ ಕದ್ದಿದ್ಯಾ ಮಾವ?"

"ಇಲ್ಲ ಅಂದ್ರೆ ನಿನ್ನಪ್ಪ ಗೋರಿಯಿಂದ ಎದ್ದು ಬಂದು ನಗ್ತಾನೆ. ಜೊತೆಗೆ ಬರ್ತಿದ್ದವನು ಅವನೇ ತಾನೆ?"

ಕಲ್ಲಿನ ಸಂದಿಯಲ್ಲಿ ಮಳೆಗೆ ನೆನೆದ ಕೆಂಪು ಕೆಸರಿತ್ತು. ಗೊನಾರಿಯೊ ಅಂಗಾತ ಮಲಗಿ ಒಂದೊಂದೇ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು, ಅಲುಗದಂತೆ, ಕೆಸರು ಮೆತ್ತಿ ತುಂಬಿದ. ಕೆಸರು ಸಾಲದಾದಾಗ ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿ ಹರಿದು ತುರುಕಿದ. ಕೊನೆಗೆ ಪ್ರೇದುವಿನ ಮುಖದ ಹತ್ತಿರ ಬಂದ.

"ಯಾರು?" ಪ್ರೇದು ಪಿಸುಗುಟ್ಟಿದ.

"ನಾನು, ಗೊನಾರಿಯೊ."

"ಕೊಲ್ಲೋಕೆ ಬಂದ್ಯಾ? ತಡ ಮಾಡ್ದೆ ಕಣೋ. ಪರದೇಶದವರು ಮುಂದಾದ್ರು."

"ಬಾಯ್ ಮುಚ್ಕೋ. ನಿನ್ನನ್ನ ಕೊಲ್ಲೋಕೆ ಅವರ್ಯಾರು? ನೀನು ನನ್ನ ಪಾಲು. ಊರಿಗೆ ಬರ್ತೀಯ, ಕಾಲು ವಾಸಿ ಮಾಡ್ಕೊಳ್ತೀಯ, ನೆಟ್ಟಗೆ ನಿಂತ್ಕೊಳ್ತೀಯ, ಆಮೇಲೆ ಸಾಯ್ತೀಯ."

ಪ್ರೇದುವಿಗೆ ನಗು ಬಂತಂತೆ. ಅಷ್ಟು ರಕ್ತ ಹರಿಯುತ್ತಿರುವಾಗ ನಕ್ಕವನನ್ನು ಬೇರೆಲ್ಲೂ ನೋಡಿಲ್ಲ ಎಂದ ಮಾವ.

ತಂತಿಯಿಂದ ಬಿಡಿಸಿ ಬೆನ್ನ ಮೇಲೆ ಹಾಕಿಕೊಂಡು ತೆವಳಿದ. ಅರ್ಧ ದಾರಿಗೆ ಮಂಜು ತೆಳುವಾಯಿತು. ಗುಂಡು ಸುರಿಯತೊಡಗಿತು. ಒಂದು ಗುಂಡು ಗೊನಾರಿಯೊನ ಎಡಗಿವಿಯ ತುದಿ ಹಾರಿಸಿತು. "ಆಸ್ಟ್ರಿಯಾದವನು ನನಗೂ ತನ್ನ ಹಟ್ಟಿ ಗುರುತು ಹಾಕ್ದ" ಎಂದು ಈಗಲೂ ಆ ಕಿವಿ ಮುಟ್ಟಿ ತೋರಿಸುತ್ತಾನೆ. ಇಬ್ಬರೂ ಶೆಲ್ ಬಿದ್ದ ಗುಂಡಿಯೊಳಗೆ ಉರುಳಿದರು. ಅಲ್ಲಿ ಪ್ರೇದು ಅವನ ಕಾಲರು ಹಿಡಿದ. ಮುಖ ಬಿಳಿಚಿತ್ತು.

"ಗೊನಾರಿಯೊ, ನಾನು ಸಾಯ್ತಿದೀನಿ. ಕೇಳು. ಸಾಯೋನ ಮಾತಿದು. ಬಕೀಸಿಯೊನ್ನ ನಾನು ಹೊಡೀಲಿಲ್ಲ."

"ಕುರಿ ನಿನ್ನ ಹಟ್ಟೀಲಿತ್ತು."

"ಕುರಿ ಕದಿಯೋಕೆ ಅಂತಾನೇ ಬಂದಿದ್ದೆ, ಇಲ್ಲ ಅನ್ನಲ್ಲ. ಪೊದೇಲಿ ಕೂತಿದ್ದೆ. ನಿನ್ನ ತಮ್ಮ ಒರತೆ ಗೋಡೆಯ ಕಲ್ಲು ಕಿತ್ತು ಕುರಿಗಳನ್ನ ನೀರಿಗೆ ಬಿಟ್ಟ. ಧಣಿ ಗೋಡೆ ಹಿಂದೆ ಇದ್ದ. ಒಂದು ಮಾತಾಡ್ಲಿಲ್ಲ, ಹೊಡೆದ. ಆಮೇಲೆ ನನ್ನನ್ನ ನೋಡ್ದ. ಹಿಂಡು ಹೊಡ್ಕೊಂಡು ಹೋಗು, ನೀನೇನೂ ನೋಡಿಲ್ಲ ಅಂದ. ಹೊಡ್ಕೊಂಡು ಹೋದೆ. ಕುರಿ ನೋಡಿದೋರು ನನ್ನನ್ನೇ ಹಿಡೀತಾರೆ ಅಂತ ಅವನಿಗೆ ಗೊತ್ತಿತ್ತು. ನನಗೆ ಹೊಳೀಲಿಲ್ಲ. ಹಿಂಡು ದೊಡ್ಡದಾಗಿತ್ತು."

ನಮ್ಮಲ್ಲಿ ಸಾಯುವವನ ಮಾತು ಕಲ್ಲಿನ ಮೇಲೆ ಕೊರೆದ ಹಾಗೆ. ಬದುಕಿದ್ದಾಗ ದಿನಕ್ಕೆ ಹತ್ತು ಸುಳ್ಳು ಹೇಳಿದವನೂ ಉಸಿರು ಬಿಡುವಾಗ ಹೇಳಿದ್ದು ಸತ್ಯ. ಅದಕ್ಕೆ ಮರುಪ್ರಶ್ನೆ ಇಲ್ಲ. ಗೊನಾರಿಯೊ ಅಲ್ಲೇ ಕೈಬಿಟ್ಟಿದ್ದರೆ ಪ್ರೇದು ಆ ಗುಂಡಿಯಲ್ಲೇ ಸಾಯುತ್ತಿದ್ದ, ಮಾತಿಗೆ ಮುದ್ರೆ ಬೀಳುತ್ತಿತ್ತು.

"ಆಗ ಅದು ತೋಚಲಿಲ್ಲ. ಜೀವಕ್ಕೆ ಹೆದರಿ ಧಣಿ ಮೇಲೆ ಹಾಕ್ತಿದಾನೆ ಅನ್ನಿಸ್ತು. ಉಳಿಸಿದ್ರೆ ಅವ್ವನ ಮುಂದೆ ನಿಲ್ಸಿ ಇನ್ನೊಂದು ಸಲ ಹೇಳಿಸ್ಬೋದು ಅಂದ್ಕೊಂಡೆ. ನನ್ನ ಜನ್ಮದಲ್ಲಿ ಮಾಡಿದ ದೊಡ್ಡ ತಪ್ಪು ಅದು. ಅದಕ್ಕೇ ಬೆಳ್ಳಿ ಕೊಟ್ರು."

ಕಂದಕ ತಲುಪಿದ. ವೈದ್ಯರು ಪ್ರೇದುವಿನ ಕಾಲು ತೆಗೆದರು, ಜೀವ ಉಳಿಸಿದರು. ವಸಂತ ಬಂದಾಗ ಒಬ್ಬ ಜನರಲ್ ಬಂದು ಗೊನಾರಿಯೊನ ಎದೆಗೆ ಪದಕ ಚುಚ್ಚಿದ. ಕ್ಯಾಪ್ಟನ್ ತಾನು ಬರೆದ ಸಾಲುಗಳನ್ನು ಗಟ್ಟಿಯಾಗಿ ಓದಿ, ತನ್ನ ಬರಹಕ್ಕೆ ತಾನೇ ಕಣ್ಣೀರು ಹಾಕಿಕೊಂಡ. ಬೆಟ್ಟದ ಮೇಲೆ ಆ ವಾರ ಸತ್ತವರ ಹೆಣಗಳು ಇನ್ನೂ ತಂತಿಯಲ್ಲೇ ಇದ್ದವು. ಅವುಗಳನ್ನು ಅಲ್ಲಿಗೆ ಕಳಿಸಿದವನಿಗೆ ಅಂದು ಅಳು ಬಂದದ್ದು ಆ ನಾಲ್ಕು ಸಾಲಿಗೆ.

ಹತ್ತೊಂಬತ್ತರಲ್ಲಿ ಊರಿಗೆ ಬಂದ. ಗ್ರಾಸಿಯಾ ಒಲೆಯ ಮುಂದೆ ಕೂತಿದ್ದಳು.

"ಏನದು ಎದೆ ಮೇಲೆ?"

"ಪದಕ ಅವ್ವ."

"ಯಾಕೆ ಕೊಟ್ರು?"

"ಪ್ರೇದು ಸೆದ್ದಾನ ಉಳಿಸಿದ್ದಕ್ಕೆ."

ಅವಳು ಕೈಯಲ್ಲಿದ್ದ ಬಿಸಿ ರೊಟ್ಟಿಯನ್ನು ಅವನಿಗೆ ಕೊಡಲಿಲ್ಲ, ನಾಯಿಗೆ ಎಸೆದಳು. ಗೊನಾರಿಯೊ ಗುಂಡಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದ. ಅವಳು ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಹೇಳಿದ ಮೇಲೆ ಸತ್ತನಾ?"

"ಇಲ್ಲ."

"ಹಾಗಾದ್ರೆ ಅದು ಸಾಯೋನ ಮಾತಲ್ಲ. ಬದುಕಿರೋನ ಮಾತು. ಅವನ ಬಾಯಿಂದ ಇಲ್ಲಿ ಬಂದು ಹೇಳಿಸು. ಇಲ್ಲಾಂದ್ರೆ ಅವನನ್ನ ಕೊಲ್ಲು. ಎರಡರಲ್ಲಿ ಒಂದು ಆಗೋವರೆಗೆ ಆ ತಗಡನ್ನ ನನ್ನ ಕಣ್ಣಿಗೆ ತೋರಿಸ್ಬೇಡ."

ಎರಡೂ ಆಗಲಿಲ್ಲ. ಸುಳ್ಳಲ್ಲದೇ ಇರಬಹುದಾದ ಮಾತು ಆಡಿದವನನ್ನು, ಅದೂ ಒಂಟಿಗಾಲಿನವನನ್ನು, ಕೊಲ್ಲುವ ಕೈ ಯಾವುದು? ಮುದ್ರೆ ಬೀಳದ ಮಾತು ನಂಬಿ ಧಣಿಯನ್ನು ಕೊಲ್ಲುವುದಾದರೂ ಹೇಗೆ? ಅನುಮಾನಕ್ಕೆ ಕೊಲ್ಲುವವನ ಮನೆಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ. ಗೊನಾರಿಯೊ ನಡುವೆ ಸಿಕ್ಕಿಬಿದ್ದ. ಆ ತಂತಿಯಿಂದ ಪ್ರೇದುವನ್ನು ಬಿಡಿಸಿದ, ತಾನು ಮಾತ್ರ ಅದರಲ್ಲೇ ಉಳಿದ.

ದೋನ್ ಪ್ರಿಯಾಮೊ ಮಾತ್ರ ಹೊತ್ತು ಕಳೆಯಲಿಲ್ಲ. ಯುದ್ಧದಲ್ಲಿ ಕಾಲು ಕಳೆದುಕೊಂಡ ವೀರ ಎಂದು ಪ್ರೇದುವನ್ನು ತನ್ನ ತೋಟದ ಬಾಗಿಲಲ್ಲಿ ಕೂರಿಸಿದ. ಒಂದು ಕೋಣೆ, ಒಂದು ಕುರ್ಚಿ, ಬಾಗಿಲ ಕೀಲಿಕೈ. ಗೊನಾರಿಯೊ ಹೋಗಿ ಬಾಗಿಲ ಮುಂದೆ ನಿಂತ.

"ಅಲ್ಲಿ ಹೇಳಿದ್ದನ್ನ ನಮ್ಮವ್ವನ ಮುಂದೆ ಹೇಳು."

"ಏನು ಹೇಳ್ದೆ? ಮೈಯಲ್ಲಿ ರಕ್ತ ಇರ್ಲಿಲ್ಲ. ಜ್ವರದಲ್ಲಿ ಏನೇನೋ ಬಡಬಡಿಸಿರ್ತೀನಿ."

"ಪ್ರೇದು, ನಿನ್ನನ್ನ ಹೊತ್ತು ತಂದವನು ನಾನು."

"ನಾನು ಕರೆದಿರ್ಲಿಲ್ಲ" ಎಂದ ಪ್ರೇದು. ಬಾಗಿಲು ಹಾಕಿಕೊಂಡ.

ಇಪ್ಪತ್ತೇಳರಲ್ಲಿ ಹುತಾತ್ಮರ ಕಂಬ ನಿಂತಿತು. ಆಗ ಫ್ಯಾಸಿಸ್ಟರ, ಕಪ್ಪಂಗಿಯವರ ಕಾಲ. ದೋನ್ ಪ್ರಿಯಾಮೊ ಕಪ್ಪಂಗಿ ತೊಟ್ಟು ಊರಿನ ಆಡಳಿತಗಾರನಾಗಿದ್ದ. ಕಂಬ ಅನಾವರಣದ ದಿನ ವೇದಿಕೆಯ ಮೇಲೆ ವೀರನೂ, ವೀರ ಉಳಿಸಿದ ಗೆಳೆಯನೂ ಅಪ್ಪಿಕೊಂಡು ನಿಲ್ಲಬೇಕು, ಪಟ್ಟಣದಿಂದ ಬಂದವನು ಫೋಟೋ ತೆಗೆಯಬೇಕು ಎಂದು ಏರ್ಪಾಡಾಯಿತು. ಗೊನಾರಿಯೊ ಹೋದ. ಎಲ್ಲರಿಗೂ ಆಶ್ಚರ್ಯ. ಪದಕ ಹಾಕಿಕೊಂಡೇ ಹೋದ. ಪ್ರೇದು ಊರುಗೋಲಿನ ಮೇಲೆ ನಿಂತಿದ್ದ. ಧಣಿ ಇಬ್ಬರ ನಡುವೆ ನಿಂತು ಇಬ್ಬರ ಹೆಗಲಿಗೂ ಕೈ ಹಾಕಿದ್ದ.

ಗೊನಾರಿಯೊ ಆ ಕೈ ತೆಗೆದು, ಇಡೀ ಊರಿಗೆ ಕೇಳುವಂತೆ ಕೂಗಿದ: "ಪ್ರೇದು ಸೆದ್ದಾ! ನಿನ್ನನ್ನ ಪ್ರೀತಿಗೆ ಹೊತ್ತು ತರ್ಲಿಲ್ಲ, ಕೊಲ್ಲೋಕೆ ತಂದೆ. ಅದು ನಿನಗೂ ಗೊತ್ತು. ನನ್ನ ತಮ್ಮನ್ನ ಕೊಂದವರು ಯಾರು? ಗುಂಡಿಯಲ್ಲಿ ಹೇಳಿದ ಹೆಸರನ್ನ ಈಗ ಹೇಳು. ಆ ಹೆಸರಿನವನು ಇಲ್ಲೇ ನಿಂತಿದಾನೆ."

ಪ್ರೇದು ಧಣಿಯ ಬೂಟು ನೋಡಿದ. ಹೆಸರು ಹೇಳಲಿಲ್ಲ.

ದೋನ್ ಪ್ರಿಯಾಮೊ ನಕ್ಕ. "ಪಾಪ, ತೋಪಿನ ಸದ್ದಿಗೆ ಇವನ ತಲೆ ಕೆಟ್ಟಿದೆ. ಬ್ಯಾಂಡ್ ಬಾರಿಸ್ರೋ!"

ಬ್ಯಾಂಡಿನವರು ಬಾರಿಸಿದರು. ನಿಮ್ಮ ಅಪ್ಪಂದಿರು ಚಪ್ಪಾಳೆ ತಟ್ಟಿದರು. ಒಬ್ಬನೇ ಒಬ್ಬ ಗಂಡಸು "ಪ್ರೇದು, ಹೇಳು" ಎಂದು ಕೂಗಿದ್ದರೆ ಸಾಕಿತ್ತು. ಗೊನಾರಿಯೊನನ್ನು ಸರ್ಕಾರದ ವಿರೋಧಿ ಎಂದು ಇನ್ನೊಂದು ದ್ವೀಪಕ್ಕೆ ಗಡೀಪಾರು ಮಾಡಿದರು. ಅವನು ಅಲ್ಲಿದ್ದಾಗಲೇ ಗ್ರಾಸಿಯಾ ಸತ್ತಳು. ಊರ ಹೆಣಗಳಿಗೆಲ್ಲ ಹಾಡಿದವಳ ಹೆಣಕ್ಕೆ ಹಾಡುವ ಧೈರ್ಯ ಯಾರಿಗೂ ಬರಲಿಲ್ಲ. ಧಣಿ ಶವಯಾತ್ರೆಗೆ ಹೂವು ಕಳಿಸಿದನಂತೆ. ಅದನ್ನು ಕೇಳಿದ ದಿನ ನನಗೂ ಒಂದು ಚಾಕು ಬೇಕೆನಿಸಿತು.

ದೋನ್ ಪ್ರಿಯಾಮೊ ಎರಡನೇ ಯುದ್ಧಕ್ಕೆ ಮುಂಚೆ ತನ್ನ ಮಂಚದ ಮೇಲೆ, ಬಿಳಿ ಹಾಸಿನ ನಡುವೆ, ಮಕ್ಕಳು ಮೊಮ್ಮಕ್ಕಳ ಕೈ ಹಿಡಿದು ಸತ್ತ. ಆಮೇಲೆ ರಾಜ ಹೋದ, ಕಪ್ಪಂಗಿ ಹೋಯಿತು, ಗಣರಾಜ್ಯ ಬಂತು. ಗಣರಾಜ್ಯ ಒರ್ತೂಲೆಗೆ ಹೊಸ ಶಾಲೆ ಕಟ್ಟಿಸಿತು. ಕಟ್ಟಡಕ್ಕೆ ಜಾಗ ಕೊಟ್ಟವರು ಧಣಿಯ ಮಕ್ಕಳು. ಆ ಜಾಗ ಯಾವುದು ಗೊತ್ತಲ್ಲ? ಒರತೆಗೆ ಹೋಗುವ ದಾರಿಯದೇ. ಶಾಲೆಯ ಬಾಗಿಲ ಮೇಲೆ ಅಮೃತಶಿಲೆಯಲ್ಲಿ ಅವನ ಹೆಸರು ಕೆತ್ತಿದರು, ಕೆಳಗೆ "ಊರಿನ ತಂದೆ" ಎಂದು ಸೇರಿಸಿದರು.

ಕಳೆದ ಚಳಿಗಾಲ ಪ್ರೇದುವಿನ ಮಗಳು ಗೊನಾರಿಯೊನ ಹಟ್ಟಿಗೆ ಬಂದಳು. "ಅಪ್ಪ ಕರೀತಿದಾರೆ. ಪೇಪರಿನವರನ್ನೂ ಕರಕೊಂಡು ಬರಬೇಕಂತೆ" ಎಂದಳು. ಹಾಗಾಗಿ ಆ ಮಧ್ಯಾಹ್ನ ಆ ಕೋಣೆಯಲ್ಲಿ ನಾನಿದ್ದೆ, ಪಾದ್ರಿ ಇದ್ದರು, ಮಗಳು ಇದ್ದಳು. ಪ್ರೇದುವಿನ ಎದೆ ಮುರುಕು ತಿದಿಯಂತೆ ಸದ್ದು ಮಾಡುತ್ತಿತ್ತು. ಗೊನಾರಿಯೊ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತ.

"ಈ ಸಲವಾದ್ರೂ ಸಾಯ್ತೀಯಾ?"

"ಸಾಯ್ತೀನಿ ಮಾರಾಯ, ಆಣೆ."

"ಹೋದ ಸಲವೂ ಹೀಗೇ ಅಂದಿದ್ದೆ."

"ಹೋದ ಸಲ ನೀನು ಬಿಡ್ಲಿಲ್ಲ" ಎಂದ ಪ್ರೇದು. ಇಬ್ಬರೂ ನಕ್ಕರು. ಪಾದ್ರಿ ಶಿಲುಬೆಯ ಗುರುತು ಹಾಕಿಕೊಂಡರು.

ಆಮೇಲೆ ಪ್ರೇದು ಹೇಳಿದ. ಗೋಡೆ, ಕಿತ್ತ ಕಲ್ಲು, ಗೋಡೆಯ ಹಿಂದಿನ ಬಂದೂಕು, ಹಿಂಡು, ಎಲ್ಲವನ್ನೂ, ಹೆಸರು ಸಮೇತ, ಎರಡು ಸಲ. ಚೌಕದಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದು ನಾನು.

"ನಾನು ಹೇ‍ಳಿದ್ರೆ ಇವನು ಧಣೀನ ಕೊಲ್ತಿದ್ದ. ಧಣಿ ಮಕ್ಕಳು ನನ್ನನ್ನ ಬೀದಿಗೆ ಹಾಕ್ತಿದ್ರು. ಒಂಟಿಗಾಲು, ಕೈಗೂಸು. ಎಲ್ಲಿಗೆ ಹೋಗ್ಲಿ? ಊರಲ್ಲಿ ಒಬ್ಬನಾದ್ರೂ ಹೇಳು ಅಂದಿದ್ರೆ ಹೇಳ್ತಿದ್ದೆನೋ ಏನೋ. ಯಾರೂ ಅನ್ಲಿಲ್ಲ."

ಗೊನಾರಿಯೊ ಎದ್ದು ಹೋಗಲಿಲ್ಲ. ಸ್ಟೂಲಿನ ಮೇಲೇ ಕೂತು ಕಾದ. ಉಸಿರು ನಿಂತ ಮೇಲೆ ಪ್ರೇದುವಿನ ಮೂಗಿನ ಹತ್ತಿರ ಕೈ ಹಿಡಿದು ನೋಡಿದ. ಆಮೇಲೆ ಅವನೇ ಆ ಕಣ್ಣು ಮುಚ್ಚಿದ.

ಹೊರಗೆ ಬಂದು ನನಗೆ ಹೇಳಿದ್ದು ಇದು: "ಇವತ್ತು ಸತ್ಯಕ್ಕೆ ಮುದ್ರೆ ಬಿತ್ತು. ಈಗ ಕೊಲ್ಲೋಕೆ ಯಾರಿದಾರೆ? ನಾನು ಅವತ್ತು ಗುಂಡಿಯಲ್ಲಿ ಇವನನ್ನ ಬಿಟ್ಟು ಬಂದಿದ್ರೆ, ಹತ್ತೊಂಬತ್ತರಲ್ಲೇ ಧಣಿ ಮಣ್ಣಾಗ್ತಿದ್ದ, ಅವ್ವ ಹಾಡ್ತಿದ್ಲು. ನಾನು ಉಳಿಸಿದ್ದು ಪ್ರೇದೂನ ಅಲ್ಲ ಕಣಯ್ಯ, ದೋನ್ ಪ್ರಿಯಾಮೊನ. ಆ ಪದಕ ಅವನ ಜೀವ ಉಳಿಸಿದ್ದಕ್ಕೆ ಬಂದದ್ದು."

ಸೇಡು ಕೆಟ್ಟದ್ದು ಎಂದು ನನಗೆ ಪಾಠ ಹೇಳಲು ಬರಬೇಡಿ. ಕೊಲೆಗೆ ಕೊಲೆ ಸರಿ ಎಂದು ನಾನೂ ಬರೆಯುತ್ತಿಲ್ಲ. ಆದರೆ ಬೆನ್ನಿಗೆ ಗುಂಡು ಹೊಡೆದವನ ಹೆಸರನ್ನು ಶಾಲೆಯ ಬಾಗಿಲಿಗೆ ಕೆತ್ತಿ, ಅದರ ಕೆಳಗೆ ಬಕೀಸಿಯೊನ ಓರಗೆಯವರ ಮೊಮ್ಮಕ್ಕಳನ್ನು ದಿನಾ ನಡೆಸುವ ಊರು ಸೇಡಿನ ಬಗ್ಗೆ ನೀತಿ ಹೇಳಬಾರದು.

ಗೊನಾರಿಯೊ ಮಾವ ಮೇಯರ ಹತ್ತಿರ ಹೋದ. ಪಾದ್ರಿಯೂ ನಾನೂ ಜೊತೆಗಿದ್ದೆವು. ಕೇಳಿದ್ದನ್ನು ಹೇಳಿದೆವು. ಫಲಕ ತೆಗೆಯಿರಿ, ಅಷ್ಟೇ ಎಂದ ಅವನು. ಮೇಯರು ಕಾಫಿ ತರಿಸಿದರು. ಹಳೆಯ ಕಥೆ, ಸತ್ತವರ ಮಾತು, ಧಣಿಯ ಮಕ್ಕಳು ಜಾಗ ಕೊಟ್ಟವರು, ಊರಿನ ನೆಮ್ಮದಿ ನೋಡಬೇಕಲ್ಲ ಎಂದರು. ಮಾವ ಕಾಫಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಕಲ್ಲು ಒಡೆಯುವ ಸುತ್ತಿಗೆ ಹೊತ್ತು ಏಣಿ ಹಾಕಿ ಆ ಫಲಕಕ್ಕೆ ಒಂದು ಏಟು ಹಾಕಿದ. ಒಂದೇ. ಅಷ್ಟರಲ್ಲಿ ಪೊಲೀಸರು ಬಂದರು.

ಬಂಧಿಸುತ್ತಾರೆ ಎಂದುಕೊಂಡಿದ್ದ. ಬಂಧಿಸಿದರೆ ಕೋರ್ಟು, ಕೋರ್ಟಿನಲ್ಲಿ ಎಲ್ಲ ಹೊರಗೆ ಬರುತ್ತದೆ ಎಂಬ ಆಸೆ. ಪೊಲೀಸ್ ಅಧಿಕಾರಿ ಅವನಿಗೆ ಸೆಲ್ಯೂಟ್ ಹೊಡೆದ. "ಬೆಳ್ಳಿ ಪದಕದವರು ನೀವು, ವಯಸ್ಸಾಗಿದೆ, ಮನೆಗೆ ನಡೀರಿ ಅಜ್ಜ" ಎಂದು ಜೀಪಿನಲ್ಲಿ ಕೂರಿಸಿ ಹಟ್ಟಿಗೆ ಬಿಟ್ಟು ಬಂದ. ದೋನ್ ಪ್ರಿಯಾಮೊನ ಪರವಾಗಿ ಆ ಪದಕ ಮಾಡಿದ ಎರಡನೇ ಉಪಕಾರ ಅದು.

ಫಲಕದ ಮೂಲೆಯಲ್ಲಿ ಸೀಳು ಬಿದ್ದಿದೆ. ಮುಂದಿನ ತಿಂಗಳು ಸಿಮೆಂಟು ಹಾಕಿ ಸರಿಮಾಡುತ್ತಾರಂತೆ.

ಅಷ್ಟರೊಳಗೆ ಒಂದು ಭಾನುವಾರ ಸಿಗುತ್ತದೆ. ಒಬ್ಬ ಮುದುಕನ ಕೈಯಲ್ಲಿ ಸುತ್ತಿಗೆ ಕಂಡರೆ ಅವನಿಗೆ ಹುಚ್ಚು ಎನ್ನುತ್ತಾರೆ. ಇಡೀ ಊರನ್ನು ಜೀಪಿನಲ್ಲಿ ಕೂರಿಸಿ ಮನೆಗೆ ಬಿಟ್ಟು ಬರಲು ಯಾವ ಅಧಿಕಾರಿಗೂ ಆಗುವುದಿಲ್ಲ. ನಿಮ್ಮ ಅಜ್ಜ ಕಣ್ಣೊರೆಸಿಕೊಂಡು ಮನೆಗೆ ಹೋದ, ನಿಮ್ಮ ಅಪ್ಪ ಚಪ್ಪಾಳೆ ತಟ್ಟಿ ಮನೆಗೆ ಹೋದ. ಈ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ನೀವು ಮನೆಗೆ ಹೋಗಬೇಡಿ. ಶಾಲೆಯ ಮುಂದೆ ಬನ್ನಿ, ಸುತ್ತಿಗೆ ತನ್ನಿ, ಆ ಹೆಸರನ್ನು ಒಡೆದು ಕೆಳಗಿಳಿಸಿ.